ಕುಗ್ಗಿದೆ ಎಂದರೆ ಎಷ್ಟು ಕುಗ್ಗಿದೆ?

ಮೆದುಳಿನ ಎಂಆರ್‌ಐ ಚಿತ್ರ ಓದುವುದೇ ನನ್ನ ಕೆಲಸ. ಎಪ್ಪತ್ತು ದಾಟಿದವರ ವರದಿಯಲ್ಲಿ ‘ವಯೋಸಹಜ ಕುಗ್ಗುವಿಕೆ’ ಎಂದು ಬರೆದರೆ ಸಾಕು, ಮಗ ಕಾರಿಡಾರಿನಲ್ಲೇ ಹಿಡಿದು ಕೇಳುತ್ತಾನೆ: ‘ಹಾಗಾದ್ರೆ ಅಪ್ಪಂಗೆ ಮರೆವಿನ ಕಾಯಿಲೆನಾ, ಡಾಕ್ಟ್ರೇ?’ ಅಪ್ಪ ಪಕ್ಕದಲ್ಲೇ ಕೂತು ಪೆನ್ಷನ್ ಲೆಕ್ಕ ಹೇಳುತ್ತಿರುತ್ತಾರೆ.

ನಾವು ಮೊದಲು ನೋಡುವುದು ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗ. ಹೊಸ ನೆನಪು ಗಟ್ಟಿಯಾಗುವುದು ಅದರ ನೆರವಿನಿಂದ. ಆಲ್ಜೈಮರ್ಸ್‌ನಲ್ಲಿ ಅದು ಬೇಗ ಸೊರಗುತ್ತದೆ, ನಿಜ. ಆದರೆ ದೀರ್ಘಕಾಲದ ಖಿನ್ನತೆಯಲ್ಲೂ ಕೆಲವು ಬಗೆಯ ಮೂರ್ಛೆರೋಗದಲ್ಲೂ ಸೊರಗಬಹುದು. ಈಗ ಸಾಫ್ಟ್‌ವೇರ್ ಘನ ಸೆಂಟಿಮೀಟರ್ ಲೆಕ್ಕದಲ್ಲಿ ಗಾತ್ರ ಹೇಳುತ್ತದೆ. ಯಂತ್ರ ಬದಲಾದರೆ ಅಂಕಿಯೂ ಅಷ್ಟಿಷ್ಟು ಬದಲಾಗುತ್ತದೆ. ತಲೆಬುರುಡೆಯ ಗಾತ್ರ, ವಯಸ್ಸು ನೋಡದೆ ಆ ಅಂಕಿಗೆ ಬೆಲೆಯಿಲ್ಲ.

ಲಂಡನ್ನಿನ ಟ್ಯಾಕ್ಸಿ ಚಾಲಕರ ಹಿಪೊಕ್ಯಾಂಪಸ್ಸಿನ ಹಿಂಭಾಗ ದೊಡ್ಡದಿದೆ ಎಂದು ನರವಿಜ್ಞಾನಿ ಎಲೀನರ್ ಮ್ಯಾಗ್ವೈರ್ ತಂಡ 2000ದಲ್ಲಿ ತೋರಿಸಿತು. ಎಲ್ಲರೂ ಇದನ್ನೇ ಹೇಳಿಕೊಂಡು ಓಡಾಡುತ್ತಾರೆ. ಮುಂಭಾಗ ಚಿಕ್ಕದಿತ್ತು ಎಂಬುದನ್ನು ನುಂಗಿಬಿಡುತ್ತಾರೆ! ಗಾತ್ರವೇ ಎಲ್ಲವನ್ನೂ ಹೇಳುವುದಿಲ್ಲ: ಐನ್‌ಸ್ಟೈನರ ಮೆದುಳು ತೂಗಿದ್ದು 1,230 ಗ್ರಾಂ, ಸರಾಸರಿಗಿಂತ ತುಸು ಕಡಿಮೆಯೇ.

ನನ್ನನ್ನು ಕೇಳಿದರೆ, ಒಂದೇ ಸ್ಕ್ಯಾನ್‌ಗಿಂತ ವರ್ಷದ ಅಂತರದ ಎರಡು ಸ್ಕ್ಯಾನ್ ಹೆಚ್ಚು ಹೇಳುತ್ತವೆ. ಜೊತೆಗೆ ಬಿ12, ಥೈರಾಯ್ಡ್ ರಕ್ತಪರೀಕ್ಷೆ, ನೆನಪಿನ ಪರೀಕ್ಷೆ ಆಗಲೇಬೇಕು. ಲಕ್ಷಣವೇ ಇಲ್ಲದವರಿಗೆ ‘ಫುಲ್ ಬಾಡಿ’ ಪ್ಯಾಕೇಜಿನಲ್ಲಿ ಮೆದುಳಿನ ಅಳತೆ ಸೇರಿಸಿ ಮಾರುವುದು ಮಾತ್ರ ಶುದ್ಧ ದಂಧೆ.