ಅಡುಗೆಮನೆಯ ಸಿಂಕು ಮತ್ತು ಅಂಗಡಿಯ ಅಯಸ್ಕಾಂತ

ಬೆಂಗಳೂರಿನ ಉತ್ತರ ಭಾಗದಲ್ಲಿ ಈಚೆಗೆ ಹಳೆಯ ಅಡುಗೆಮನೆಗಳು ಹೊಸ ರೂಪವನ್ನು ತಳೆಯುತ್ತಿವೆ. ಆರ್. ಟಿ. ನಗರದ ಹಳೆಯ ಮನೆಗಳಲ್ಲಿಯೂ ಯಲಹಂಕ ಉಪನಗರದ ಗೃಹಮಂಡಳಿಯ ಮನೆಗಳಲ್ಲಿಯೂ ಕಡಪ ಕಲ್ಲಿನ ಕಟ್ಟೆ ಹೋಗಿ ಗ್ರಾನೈಟ್ ಬರುತ್ತಿದೆ. ಅದರೊಡನೆ ಪಾತ್ರೆ ತೊಳೆಯುವ ಸಿಂಕೂ ಬದಲಾಗುತ್ತಿದೆ. ಕಪಾಟಿನ ಬಣ್ಣವನ್ನು ಕುರಿತು ಮನೆಮಂದಿಯೆಲ್ಲ ವಾರಗಟ್ಟಲೆ ಚರ್ಚಿಸುವುದುಂಟು. ಆದರೆ ಹುಳಿ, ಉಪ್ಪು, ಬಿಸಿನೀರು, ಕುಕ್ಕರಿನ ಪೆಟ್ಟು ಇವೆಲ್ಲವನ್ನೂ ಇಪ್ಪತ್ತು ವರ್ಷ ತಾಳಿಕೊಳ್ಳಬೇಕಾದ ಸಿಂಕನ್ನು ಅರ್ಧ ಗಂಟೆಯಲ್ಲಿ, ಹೊಳಪನ್ನು ನೋಡಿ, ಆರಿಸಿಬಿಡುತ್ತೇವೆ.

ಈ ಅರ್ಧ ಗಂಟೆಯಲ್ಲಿ ಒಂದು ಪ್ರಯೋಗವೂ ನಡೆಯುತ್ತದೆ. ಅಂಗಡಿಯವರು ಮೇಜಿನ ಖಾನೆಯಿಂದ ಅಯಸ್ಕಾಂತದ ತುಂಡೊಂದನ್ನು ತೆಗೆದು ಸಿಂಕಿನ ಮೇಲಿಡುತ್ತಾರೆ. ಅದು ಅಂಟುವುದಿಲ್ಲ. “ನೋಡಿ ಸ್ವಾಮಿ, ಅಸಲಿ ಸ್ಟೀಲು!” ಗಿರಾಕಿಗೆ ಸಮಾಧಾನವಾಗುತ್ತದೆ. ಜೊತೆಗೆ ಬಂದಿರುವ ಮಗನೋ ಮಗಳೋ ಕಾಲೇಜಿನಲ್ಲಿ ಕಾಂತತ್ವದ ಪಾಠವನ್ನು ಓದಿ ಅಂಕ ಪಡೆದವರೇ ಆಗಿದ್ದರೂ ತಲೆದೂಗುತ್ತಾರೆ. ಪ್ರಯೋಗವೇನೋ ಸರಿಯಾಗಿಯೇ ಇದೆ. ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು. ನಮ್ಮ ಆಕ್ಷೇಪವಿರುವುದು ಇಲ್ಲಿಯೇ.

ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವರು 1913ರಲ್ಲಿ ಬಂದೂಕಿನ ನಳಿಗೆಗಾಗಿ ಉಕ್ಕನ್ನು ಪರೀಕ್ಷಿಸುತ್ತಿದ್ದಾಗ, ಶೇಕಡಾ 13ರಷ್ಟು ಕ್ರೋಮಿಯಂ ಬೆರೆಸಿದ ಉಕ್ಕು ತುಕ್ಕು ಹಿಡಿಯದಿರುವುದನ್ನು ಕಂಡರು. ಆ ಉಕ್ಕು ಅಯಸ್ಕಾಂತಕ್ಕೆ ಚೆನ್ನಾಗಿಯೇ ಅಂಟುತ್ತದೆ. ಎಂದರೆ ಇಂದಿನ ಅಂಗಡಿಯ ಪರೀಕ್ಷೆಯಲ್ಲಿ ಬ್ರಿಯರ್ಲಿಯ ಉಕ್ಕೇ ನಪಾಸಾಗುತ್ತಿತ್ತು! ತುಕ್ಕನ್ನು ತಡೆಯುವುದು ಕ್ರೋಮಿಯಂ. ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಉಕ್ಕಿನ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಪೊರೆಯನ್ನು ಹೊದಿಸುತ್ತದೆ. ಗೀರು ಬಿದ್ದರೆ ಪೊರೆ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಕಾಂತತ್ವದ ಕಥೆ ಬೇರೆ. ನಿಕ್ಕಲ್ ಸಾಕಷ್ಟು ಸೇರಿದಾಗ ಕಬ್ಬಿಣದ ಪರಮಾಣುಗಳ ಜೋಡಣೆಯೇ ಬದಲಾಗಿ, ಘನಾಕೃತಿಯ ಮೂಲೆಗಳಲ್ಲಿಯೂ ಪ್ರತಿ ಮುಖದ ನಡುವೆಯೂ ಒಂದೊಂದು ಪರಮಾಣು ಕೂರುತ್ತದೆ. ಈ ಜೋಡಣೆಯ ಉಕ್ಕನ್ನು ಅಯಸ್ಕಾಂತ ಸೆಳೆಯದು. ಆದರೆ ನಿಕ್ಕಲಿಗೆ ಬದಲು ಮ್ಯಾಂಗನೀಸನ್ನು ಸೇರಿಸಿದರೂ ಇದೇ ಜೋಡಣೆ ದೊರಕುತ್ತದೆ. ಆದುದರಿಂದ ಅಯಸ್ಕಾಂತ ಹೇಳುವುದು ಪರಮಾಣುಗಳು ಹೇಗೆ ಕುಳಿತಿವೆ ಎಂಬುದನ್ನು ಮಾತ್ರ. ಯಾವ ಲೋಹ ಎಷ್ಟಿದೆ ಎಂಬುದನ್ನಲ್ಲ.

ಇದರಿಂದ ಗಿರಾಕಿಗೆ ಆಗುವ ನಷ್ಟವೇನು? ಸಿಂಕಿಗೆ ಒಳ್ಳೆಯದೆಂದು ಹೆಸರಾದ 304ನೆಯ ದರ್ಜೆಯಲ್ಲಿ ಕ್ರೋಮಿಯಂ ಸುಮಾರು ಶೇಕಡಾ 18, ನಿಕ್ಕಲ್ ಸುಮಾರು ಶೇಕಡಾ 8 ಇರುತ್ತದೆ. 202ನೆಯ ದರ್ಜೆಯಲ್ಲಿ ನಿಕ್ಕಲ್ ಶೇಕಡಾ 4ರಿಂದ 6. ಉಳಿದ ಕೊರತೆಯನ್ನು ಮ್ಯಾಂಗನೀಸ್ ತುಂಬುತ್ತದೆ. ನಿಕ್ಕಲನ್ನು ಶೇಕಡಾ 1ರ ಸುಮಾರಿಗೆ ಇಳಿಸಿ, ಕ್ರೋಮಿಯಮನ್ನೂ ತಗ್ಗಿಸಿದ ಬಗೆಗಳೂ ನಮ್ಮ ದೇಶದಲ್ಲಿ ಬಳಕೆಯಲ್ಲಿವೆ. ನಿಕ್ಕಲ್ ದುಬಾರಿಯಾದ ಲೋಹ; ನಮಗೆ ಅದು ಹೊರದೇಶಗಳಿಂದ ಬರಬೇಕು. ಈ ಮೂರು ಬಗೆಯ ಸಿಂಕುಗಳೂ ಹೊಸತಾಗಿದ್ದಾಗ ಒಂದೇ ರೀತಿ ಹೊಳೆಯುತ್ತವೆ, ಮೂರಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಇನ್ನೂ ಒಂದು ವಿನೋದವಿದೆ. ಅಸಲಿ 304ರ ಹಾಳೆಯನ್ನು ಅಚ್ಚಿನಲ್ಲಿ ಒತ್ತಿ ಎಳೆದಾಗ ಮೂಲೆಗಳಲ್ಲಿ ಪರಮಾಣುಗಳ ಜೋಡಣೆ ಸ್ವಲ್ಪ ಕದಲಿ, ಅಲ್ಲಿ ಅಯಸ್ಕಾಂತ ಮೆಲ್ಲಗೆ ಅಂಟುವುದುಂಟು. ಇಂತಹ ಒಳ್ಳೆಯ ಸಿಂಕನ್ನು ‘ನಕಲಿ’ ಎಂದು ಹಿಂದಿರುಗಿಸುವವರೂ ಇದ್ದಾರು.

ವ್ಯತ್ಯಾಸವು ತಿಳಿಯುವುದು ಬಳಕೆಯಲ್ಲಿ. ಪೊರೆಗೆ ಶತ್ರು ಕ್ಲೋರೈಡು. ಉಪ್ಪು, ಬ್ಲೀಚಿಂಗ್ ಪುಡಿ, ಬಚ್ಚಲು ತೊಳೆಯುವ ಆಸಿಡ್ ಇವುಗಳಲ್ಲೆಲ್ಲ ಅದಿರುತ್ತದೆ. ಅದು ಪೊರೆಯನ್ನು ಸೂಜಿಮೊನೆಯಷ್ಟು ಜಾಗದಲ್ಲಿ ಭೇದಿಸಿ ಒಳಗೆ ಕುಳಿಯನ್ನು ಕೊರೆಯುತ್ತದೆ. ಕ್ರೋಮಿಯಂ, ನಿಕ್ಕಲ್ ಕಡಮೆಯಾದಷ್ಟೂ ಈ ಕೊರೆತ ಸುಲಭ. ಯಲಹಂಕ, ಹೆಬ್ಬಾಳಗಳ ಆಚೀಚೆ ಅನೇಕ ಮನೆಗಳು ಬಹುಕಾಲ ಕೊಳವೆಬಾವಿಯ ಗಡಸುನೀರನ್ನೇ ನೆಚ್ಚಿದ್ದವು. ನಗರದ ಅಂಚಿನ 110 ಹಳ್ಳಿಗಳಿಗಾಗಿ ಕಾವೇರಿಯ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಆರಂಭವಾದ ಮೇಲೆಯೂ ಕೊಳವೆಬಾವಿಯನ್ನು ಬಿಟ್ಟವರು ಎಲ್ಲರೂ ಅಲ್ಲ. ಗಡಸುನೀರು ಆರಿದೆಡೆ ಸುಣ್ಣದ ಬಿಳಿ ಕಲೆ ಉಳಿಯುತ್ತದೆ. ಇದು ತುಕ್ಕಲ್ಲ, ನಿಂಬೆಹೋಳಿನಿಂದ ಉಜ್ಜಿದರೆ ಹೋಗುತ್ತದೆ. ಅದನ್ನು ತೆಗೆಯಲೆಂದು ಬಚ್ಚಲಿನ ಆಸಿಡ್ ಸುರಿಯುವುದು ಮಾತ್ರ ಸಿಂಕಿಗೆ ನಾವೇ ಕುಳಿ ತೋಡಿದಂತೆ.

ದರ್ಜೆಯಾದ ಮೇಲೆ ದಪ್ಪ. ಇಲ್ಲಿ ‘ಗೇಜ್’ ಎಂಬ ಲೆಕ್ಕ ಜನರನ್ನು ದಾರಿ ತಪ್ಪಿಸುತ್ತದೆ: ಸಂಖ್ಯೆ ಹೆಚ್ಚಿದಷ್ಟೂ ಹಾಳೆ ತೆಳು. 18 ಗೇಜ್ ಎಂದರೆ ಸುಮಾರು 1.2 ಮಿಲಿಮೀಟರ್, 20 ಗೇಜ್ ಎಂದರೆ ಸುಮಾರು 0.9. ಮಿಲಿಮೀಟರಿನಲ್ಲಿಯೇ ಕೇಳುವುದು ಮೇಲು. ಹಾಳೆಯ ಬಿಗಿತವು ದಪ್ಪದ ಘನಕ್ಕೆ ಅನುಗುಣವಾದುದರಿಂದ 0.8ಕ್ಕಿಂತ 1 ಮಿಲಿಮೀಟರಿನ ಹಾಳೆ ಹೆಚ್ಚುಕಡಮೆ ಎರಡರಷ್ಟು ಬಿಗಿಯಾಗಿರುತ್ತದೆ. ಚೊಂಬು ಬಿದ್ದರೆ ಮನೆಯೆಲ್ಲ ಮೊಳಗುವುದೂ ಕಡಮೆ. ತಳದಲ್ಲಿ ರಬ್ಬರಿನ ಪಟ್ಟಿ ಅಂಟಿಸಿದ್ದರೆ ಅದು ಕಂಪನವನ್ನು ಇನ್ನಷ್ಟು ನುಂಗುತ್ತದೆ.

ಹೇಳಿದ ದಪ್ಪ ನಿಜವೇ ಎಂಬುದನ್ನು ವಿದ್ಯಾರ್ಥಿಗಳು ತಕ್ಕಡಿಯಿಂದಲೇ ಅಂದಾಜು ಮಾಡಬಹುದು. ಒಂದು ಚದರ ಮೀಟರ್ ಅಗಲ, ಒಂದು ಮಿಲಿಮೀಟರ್ ದಪ್ಪದ ಹಾಳೆಯ ತೂಕ ಸುಮಾರು 8 ಕಿಲೋಗ್ರಾಂ. ಹಾಳೆಯನ್ನು ಮಡಿಸಿ ಬೆಸೆದ, 24 ಅಂಗುಲ ಉದ್ದ, 18 ಅಂಗುಲ ಅಗಲ, 9 ಅಂಗುಲ ಆಳದ ಸಿಂಕಿನಲ್ಲಿ ತಳ, ಅಂಚು, ಗೋಡೆಗಳೆಲ್ಲ ಸೇರಿ ಸುಮಾರು 0.7 ಚದರ ಮೀಟರ್ ಹಾಳೆಯಿರುತ್ತದೆ. ದಪ್ಪ 1 ಮಿಲಿಮೀಟರ್ ಆದರೆ ತೂಕ ಐದೂವರೆ ಕಿಲೋಗ್ರಾಮಿಗೂ ಮಿಗಬೇಕು, 0.8 ಆದರೆ ನಾಲ್ಕೂವರೆಯಲ್ಲಿ ನಿಲ್ಲುತ್ತದೆ. ಅಚ್ಚಿನಲ್ಲಿ ಒತ್ತಿ ಎಳೆದ ಸಿಂಕಿಗೆ ಈ ಲೆಕ್ಕ ನೇರವಾಗಿ ಹೊಂದದು. ಅಲ್ಲಿ ಹಾಳೆ ಹಿಗ್ಗಿ, ಮೂಲೆಗಳಲ್ಲಿ ಹೇಳಿದುದಕ್ಕಿಂತ ತೆಳುವಾಗಿರುತ್ತದೆ.

ಎಲ್ಲರೂ 304ನ್ನೇ ಕೊಳ್ಳಬೇಕೆಂದು ನಾವು ಹೇಳುವವರಲ್ಲ. ಪಾತ್ರೆ ತೊಳೆದೊಡನೆ ಸಿಂಕನ್ನು ಒರೆಸಿಡುವ, ಬ್ಲೀಚಿಂಗ್ ಪುಡಿಯನ್ನು ದೂರವಿಡುವ ಮನೆಯಲ್ಲಿ 202ರ ಸಿಂಕೂ ಬಹುಕಾಲ ಬಾಳೀತು. ಅದು ಬಡವರ ಪಾಲಿಗೆ ಬಂದ ಒಳ್ಳೆಯ ಉಕ್ಕು. 202 ಎಂಬ ಹೆಸರಿನಲ್ಲಿ, 202ರ ಬೆಲೆಗೆ ಅದನ್ನು ಮಾರಿದರೆ ಯಾರ ತಕರಾರೂ ಇಲ್ಲ. ಇನ್ನು ಮಾಲಿಬ್ಡಿನಂ ಬೆರೆಸಿದ 316ನ್ನು ಕೊಳ್ಳಿರೆಂದು ಯಾರಾದರೂ ಒತ್ತಾಯಿಸಿದರೆ, ಅದು ಮಂಗಳೂರಿನ ಕಡಲ ಗಾಳಿಗೆ ಬೇಕಾದೀತೇ ಹೊರತು ಯಶವಂತಪುರಕ್ಕೆ ಅನಾವಶ್ಯಕ ವೆಚ್ಚ.

ಬೆರಕೆಯನ್ನು ಅಂಗಡಿಯಲ್ಲಿಯೇ ಪತ್ತೆ ಹಚ್ಚುವ ಉಪಾಯವೂ ಇದೆ. ಸಣ್ಣ ಸೀಸೆಯಲ್ಲಿ ಮಾರುವ ಪರೀಕ್ಷಾ ದ್ರಾವಣದ ಒಂದು ಹನಿಯನ್ನು ಉಕ್ಕಿನ ಮೇಲಿಟ್ಟು 9 ವೋಲ್ಟಿನ ಬ್ಯಾಟರಿಯನ್ನು ಜೋಡಿಸಿದರೆ, ಮ್ಯಾಂಗನೀಸ್ ಅಧಿಕವಿರುವ ಉಕ್ಕಿನಲ್ಲಿ ಹನಿ ಕೆಂಪಾಗುತ್ತದೆ. ಅಯಸ್ಕಾಂತವನ್ನಿಡುವ ಖಾನೆಯಲ್ಲಿ ಈ ಸೀಸೆಗೂ ಸ್ಥಳವಿದ್ದೀತು. ಗೃಹಬಳಕೆಯ ಸಿಂಕುಗಳಿಗೆಂದೇ ಐ. ಎಸ್. 13983 ಎಂಬ ಭಾರತೀಯ ಮಾನಕವಿದೆ. ಅದರ ಗುರುತನ್ನು ಕೇಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ರಸೀತಿಯಲ್ಲಿ ದರ್ಜೆಯನ್ನೂ ಮಿಲಿಮೀಟರಿನಲ್ಲಿ ದಪ್ಪವನ್ನೂ ಬರೆದು ಕೊಡಿರೆಂದು ಕೇಳಬೇಕು. “304” ಎಂದು ಬಾಯಲ್ಲಿ ಹೇಳುವವರು ಬರೆಯಲು ಹಿಂಜರಿದರೆ ಅಯಸ್ಕಾಂತಕ್ಕಿಂತ ಆ ಹಿಂಜರಿಕೆಯೇ ಹೆಚ್ಚನ್ನು ತಿಳಿಸುತ್ತದೆ. ತಂದೆತಾಯಿಯರೊಡನೆ ಹೋಗುವ ವಿದ್ಯಾರ್ಥಿ ಈ ಒಂದು ಮಾತನ್ನು ಮರ್ಯಾದೆಯಿಂದ ಕೇಳಿದರೆ ಸಾಕು. ಅಲ್ಲಿ ಆಗದಿದ್ದರೆ ಪಕ್ಕದ ಅಂಗಡಿಯೂ ತೆರೆದಿರುತ್ತದೆ.