ಬ್ಯಾನಿ ಹೆಂಗಿರ್ತದ ಅಂತ ಹುಡುಗ್ಯಾರಿಗೆ ಹೇಳ್ರಿ

ನಮ್ಮ ಕಡೆ ಒಂದ ಪದ್ಧತಿ ಅದ. ಬಸರಿ ಹೆಣಮಗಳ ಮುಂದ ಹಡಿಯೂ ಬ್ಯಾನಿ ಮಾತ ತಗಿಯೂ ಹಂಗಿಲ್ಲ. ಕುಬಸದ ದಿವಸ ಹಸರ ಸೀರಿ ಉಡಸ್ತೇವಿ, ಹಸರ ಬಳಿ ಇಡಸ್ತೇವಿ, ಉಡಿ ತುಂಬಿ ಆರತಿ ಮಾಡಿ "ಸುಖರೂಪ ಹಡಿಯವ್ವಾ" ಅಂತ ಹರಸ್ತೇವಿ. ಆದ್ರ ಆ ಹುಡುಗಿ ಹಿರೇರೊಬ್ಬರನ್ನ ಬಾಜೂಕ ಕರದು "ಖರೇ ಹೇಳ್ರಿ, ಹೆಂಗ ಆಗ್ತದ?" ಅಂತ ಕೇಳಿದ್ಲೋ, ಎಲ್ಲಾರ ಬಾಯಿಗೂ ಬೀಗ. ಭಾಳ ಅಂದ್ರ "ನಾವೆಲ್ಲಾ ಹಡದಿಲ್ಲೇನ? ಕೂಸಿನ ಮಾರಿ ನೋಡಿದ ಕೂಡಲೆ ಎಲ್ಲಾ ಮರತ ಹೋಗ್ತದ" ಅಂತಾರ.

ನಾ ಎರಡ ಹಡದಾಕಿ. ದೊಡ್ಡಾಕಿಗೆ ಈಗ 19 ವರ್ಷ. ನಂಗೇನೂ ಮರತಿಲ್ಲ. ನಿಮಗ ಮರತಿದ್ರ ಹೇಳ್ರಿ, ನೋಡೋಣು.

ಹೇಳಿದ್ರ ಹುಡುಗಿ ಹೆದರ್ತಾಳ ಅನ್ನೋದ ಎಲ್ಲಾರ ವಾದ. ಅಕಿ ಹೆಂಗೂ ಹೆದರೇ ಇರ್ತಾಳ್ರಿ. ಗೊತ್ತಿಲ್ಲದ್ದಕ್ಕ ಹೆದರೋದಕ್ಕೂ ಗೊತ್ತಿದ್ದದ್ದಕ್ಕ ಹೆದರೋದಕ್ಕೂ ಭಾಳ ಫರಕ ಅದ. ಅಮಾಸಿ ಕತ್ತಲ್ಯಾಗ ಹಿತ್ತಲಕ್ಕ ಹೋಗೋದು ಬ್ಯಾರೆ, ಕೈಯಾಗ ಕಂದೀಲ ಹಿಡಕೊಂಡು ಹೋಗೋದು ಬ್ಯಾರೆ.

ಹಿಂದಕ ಬಾಯಿ ಮುಚ್ಚಿಕೊಂಡಿದ್ರೂ ನಡೀತಿತ್ತು. ನಮ್ಮ ಅಜ್ಜಿ ಹಡದದ್ದೆಲ್ಲಾ ಮನ್ಯಾಗ, ಒಳಗಿನ ಕತ್ತಲಿ ಖೋಲ್ಯಾಗ. ಹಂಡೇದಾಗ ನೀರ ಕಾಸೂ ನೆಪದಲೆ ನೆಗೆಣ್ಯಾರು, ನಾದನ್ಯಾರು ಬಾಗಲ ಹೊರಗ ಕೂತು ಎಲ್ಲಾ ಕೇಳತಿದ್ರು. ಯಾವಾಗ ನರಳ್ತಾಳ, ಯಾವಾಗ ಸುಮ್ಮನಾಗ್ತಾಳ, ಸೂಲಗಿತ್ತಿ ಏನ ಹೇಳತಾಳ, ಎಲ್ಲಾ ಕಿವಿಗೆ ಬೀಳ್ತಿತ್ತು. ಸೂಲಗಿತ್ತಿ ಸುದ್ದಾ ಊರಾಕಿನ. ಪಾವಗಡದ ಸೂಲಗಿತ್ತಿ ನರಸಮ್ಮನವರು 15,000 ಕ್ಕೂ ಹೆಚ್ಚು ಹೆರಿಗಿ ಮಾಡಿಸ್ಯಾರ, 2018 ರಾಗ ಪದ್ಮಶ್ರೀ ಬಂತು. ಹಂಗಂತ ಆ ಕಾಲನ ಚಂದ ಇತ್ತು ಅಂತ ನಾ ಹೇಳಂಗಿಲ್ಲ. ನಮ್ಮ ಅಜ್ಜಿ ಎರಡ ಕೂಸು ಕಳಕೊಂಡಿದ್ಲು, ಅಕಿ ತಂಗಿ ಹಡಿಯೂ ಮುಂದನ ಹೋದ್ಲು. ಈಗ ನಮ್ಮ ರಾಜ್ಯದಾಗ 100 ಕ್ಕ 90 ಕ್ಕಿಂತ ಹೆಚ್ಚು ಹೆರಿಗಿ ದವಾಖಾನ್ಯಾಗ ಆಗ್ತಾವ. ಅದು ಛಲೋನ ಆತು. ಆದ್ರ ಆ ಬಾಗಲಾ ಮುಚ್ಚಿದ್ದರಿಂದ ನಮ್ಮ ಹುಡುಗ್ಯಾರಿಗೆ ಏನೂ ಕೇಳಸದಂಗ ಆತು. ಅವರಿಗೆ ಗೊತ್ತಿದ್ದದ್ದು ಸಿನಿಮಾದ್ದು. ಒಂದ ಸಲ ಚೀರ್ತಾಳ, ಬಾಗಲಾ ತಗೀತದ, ತೊಳದ ತಿಕ್ಕಿದ ಮೂರ ತಿಂಗಳ ಕೂಸ ಹೊರಗ ಬರ್ತದ.

ಹೋದ ತಿಂಗಳ ನಮ್ಮಕ್ಕನ ಮಗಳು, ಏಳ ತಿಂಗಳ ತುಂಬ್ಯಾವ, ನಾ ಚಪಾತಿ ಲಟ್ಟಸೂ ಮುಂದ ಬಂದು "ಮೌಶಿ, ಎಲ್ಲೆ ನೋಸ್ತದ? ಹೆಂಗ ನೋಸ್ತದ?" ಅಂತ ಕೇಳಿದ್ಲು. ನಮ್ಮಕ್ಕ ಕಣ್ಣ ಮಾಡಿದ್ಲು. ನಾ ಗ್ಯಾಸ್ ಆರಿಸಿ ಕೂತು ಎಲ್ಲಾ ಹೇಳಿದೆ. ಅಕಿಗೆ ಹೇಳಿದ್ದನ್ನ ಇಲ್ಲೂ ಬರೀತೇನಿ. ನಿಮ್ಮದು ಬ್ಯಾರೆ ಥರಾ ಇರಬಹುದು. ಇಬ್ಬರ ಹೆರಿಗಿ ಒಂದ ಥರಾ ಇರಂಗಿಲ್ಲ, ನನ್ನವೇ ಎರಡೂ ಒಂದ ಥರಾ ಇರಲಿಲ್ಲ.

ಮೊದಲ ಅದು ಬ್ಯಾನಿ ಅಂತನ ಗೊತ್ತಾಗಂಗಿಲ್ಲ. ಮುಟ್ಟಾದಾಗ ಕಿಬ್ಬೊಟ್ಟಿ ಹಿಡಕೊಂಡಂಗ, ಟೊಂಕ ಜಗ್ಗಿಧಂಗ. ಹೊಟ್ಟಿ ಕೆಟ್ಟದ ಅಂತ ತಿಳಕೊಂಡು ನಾ ಎರಡ ಸಲ ಸಂಡಾಸಕ್ಕ ಹೋಗಿ ಬಂದಿದ್ದೆ. ನಮ್ಮವ್ವ ಜೀರಗಿ ಕಷಾಯ ಕುಡಿಸಿದ್ಲು, ಸುಳ್ಳ ಬ್ಯಾನಿ ಆಗಿದ್ರ ನಿಲ್ತಾವ, ಖರೇ ಇದ್ರ ಏರ್ತಾವ ಅಂತ. ಕಷಾಯಕ್ಕ ಶಕ್ತಿ ಅದನೋ ಇಲ್ಲೋ, ಲೆಕ್ಕ ಅಂತೂ ಸರಿ ಅದ. ಸುಳ್ಳವು ಎದ್ದು ಅಡ್ಡಾಡಿದ್ರ, ಒಂದೀಟ ಮಲಗಿದ್ರ ಸಡ್ಲ ಆಗ್ತಾವ. ಖರೇ ಬ್ಯಾನಿ ನೀವ ಏನ ಮಾಡಿದ್ರೂ ಸರದಿ ಬಿಡಂಗಿಲ್ಲ. ಹತ್ತ ನಿಮಿಷಕ್ಕೊಮ್ಮೆ, ಆಮ್ಯಾಲೆ ಎಂಟಕ್ಕ, ಆಮ್ಯಾಲೆ ಐದಕ್ಕ.

ಈಗ ಎಲ್ಲಾಕ್ಕಿಂತ ಮುಖ್ಯ ಮಾತ. ಯಾರೂ ನಂಗ ಹೇಳಲಾರದ ಮಾತ. ಬ್ಯಾನಿ ಬಿಟ್ಟ ಬಿಡ್ತದ! "ಒಂದ ದಿನಾ ರಾತ್ರಿ ಬ್ಯಾನಿ ತಿಂದ್ಲು" ಅಂತಾರಲ್ಲಾ, ಅದನ್ನ ಕೇಳಿದ ಹುಡುಗಿ 24 ತಾಸು ಒಂದ ಸಮನ ಅಂತ ತಿಳಕೋತಾಳ. ಹಂಗಿರಂಗಿಲ್ಲ. ನೀವ ಒದ್ದಿ ಕೌದಿ ಹಿಂಡೂದು ನೋಡೀರಲ್ಲಾ, ಆ ಕಡೆ ಒಬ್ಬಾಕಿ ಈ ಕಡೆ ಒಬ್ಬಾಕಿ ಹಿಡದು ತಿರುವೂದು? ಬೆನ್ನಿನಿಂದ ಹೊಟ್ಟಿಗೆ ಹಂಗ ಹಿಂಡಿಕೋತ ಬರ್ತದ. ಹೊಟ್ಟಿ ಕಲ್ಲ ಆಗ್ತದ. ತುದಿಗೆ ಮುಟ್ಟಿದಾಗ ಉಸಿರ ಸುದ್ದಾ ಹಿಡೀತದ. ಆಮ್ಯಾಲೆ ಇಬ್ಬರೂ ಕೈ ಬಿಟ್ಟಂಗ ಸಡ್ಲ ಆಗಿ ಬಿಡ್ತದ. ಒಂದ ನಿಮಿಷದ್ದು, ಹೆಚ್ಚಂದ್ರ ಒಂದೂವರಿ ನಿಮಿಷದ್ದು. ನಡಕಿನ ಸಂದಿನ್ಯಾಗ ಏನೂ ಇರಂಗಿಲ್ಲ, ಖರೇನ ಏನೂ ಇರಂಗಿಲ್ಲ. ನಾ ಆ ಸಂದಿನ್ಯಾಗ ತೂಕಡಿಸಿ ಕನಸ ಸುದ್ದಾ ಕಂಡೇನಿ. ಇದು ಗೊತ್ತಿದ್ದಾಕಿ ಬಿಟ್ಟಾಗ ಮೈ ಸಡ್ಲ ಬಿಡ್ತಾಳ, ಒಂದ ಗುಟಕ ನೀರ ಕುಡೀತಾಳ. ಗೊತ್ತಿಲ್ಲದಾಕಿ ಮುಂದಿನ ಬ್ಯಾನಿ ನೆನಸಿಕೊಂಡ ಹಲ್ಲ ಕಚಕೊಂಡ ಕೂಡ್ತಾಳ.

ಗರ್ಭದ ಬಾಯಿ 10 ಸೆಂಟಿಮೀಟರ್ ತಗೀಬೇಕು. ಮೊದಲನೇ 5 ಭಾಳ ಸಾವಕಾಶ ತಗೀಬಹುದು, ಅದಕ್ಕ ಇಂತಿಷ್ಟ ಹೊತ್ತು ಅಂತಿಲ್ಲ. ಅಲ್ಲಿಂದ ಮುಂದ ಚೊಚ್ಚಲದಾಕಿಗೆ ಸಾಮಾನ್ಯ 12 ತಾಸಿನ ಒಳಗ, ಹಡದಾಕಿಗೆ 10 ತಾಸಿನ ಒಳಗ ಮುಗೀತದ ಅಂತ ವಿಶ್ವ ಆರೋಗ್ಯ ಸಂಸ್ಥೆಯವರು 2018 ರ ಮಾರ್ಗಸೂಚಿಯೊಳಗ ಬರದಾರ. "ನಾಕ ತಾಸ ಆತು, ಇನ್ನೂ ಮೂರ ಸೆಂಟಿಮೀಟರ್" ಅಂತ ನರ್ಸ್ ಅಂದಾಗ ಎದಿ ಒಡಕೊಳ್ಳೂದ ಬ್ಯಾಡ.

ಏಳ-ಎಂಟ ದಾಟಿದ ಮ್ಯಾಲೆ ಒಂದ ಹೊತ್ತ ಬರ್ತದ, ಅದನ್ನ ಮುಚ್ಚಿಟ್ಟು ಉಪಯೋಗಿಲ್ಲ. ಸಂದಿ ಇಲ್ಲದಂಗ ಬರ್ತಾವ. ಕೈ ಕಾಲು ಗಡಗಡ ನಡಗ್ತಾವ. ವಾಂತಿ ಆಗಬಹುದು. ಛಳಿ ಬರ್ತದ, ಮರುಕ್ಷಣ ಬೆವರ್ತದ. "ನನ್ನ ಕೈಲೆ ಆಗಂಗಿಲ್ಲ, ಕೊಯ್ದ ತಗೀರಿ, ನಾ ಮನಿಗೆ ಹೋಗ್ತೇನಿ" ಅಂತ ನಾ ಅಂದಿದ್ದೆ, ಖರೇನ ಚಪ್ಪಲಿ ಹುಡುಕಿದ್ದೆ. ನಗಬ್ಯಾಡ್ರಿ. ಭಾಳ ಮಂದಿ ಕೈ ಬಿಡೂದು ಇದ ಹೊತ್ತಿನ್ಯಾಗ, ಮತ್ತ ಇದು ಬಂತಂದ್ರ ಮುಗೀಲಿಕ್ಕೆ ಬಂತು ಅಂತ ಅರ್ಥ. ಅಷ್ಟೊಂದ ಮಾತ ಯಾರರೇ ಕಿವ್ಯಾಗ ಹೇಳಿದ್ರ ಎಷ್ಟ ಆಸರಾಗ್ತದ!

ಆಮ್ಯಾಲೆ ಮುಕ್ಕಬೇಕು ಅನಸ್ತದ. ಅದು ಸಂಡಾಸ ಅವಸರಾಧಂಗ ಅನಸ್ತದ, ಥೇಟ ಹಂಗ. ಕೂಸಿನ ತಲಿ ಅಲ್ಲೇ ಒತ್ತತಿರ್ತದ. ನಾಚಿಕಿಗೆ ಬಿಗಿ ಹಿಡದ ಹುಡುಗ್ಯಾರು ಎಷ್ಟ ಮಂದಿ ಇದ್ದಾರೋ. ಅಷ್ಟ ಇಷ್ಟ ಆಗೂದೂ ಖರೇನ, ಅದನ್ನ ಒರಸಿ ಒಗೀತಾರ, ಅವರಿಗದು ದಿನದ್ದು. ಆದ್ರ ಈ ಹೊತ್ತಿನ್ಯಾಗ ಮೈ ನಿಮ್ಮ ಮಾತ ಕೇಳ್ತದ. ಇಷ್ಟ ಹೊತ್ತ ಬ್ಯಾನಿ ನಮ್ಮನ್ನ ಹಿಂಡತಿತ್ತು, ಈಗ ನಾವೂ ಅದರ ಜೋಡಿ ಕೆಲಸ ಮಾಡತಿರ್ತೇವಿ. ನನಗಂತೂ ನೋವಕ್ಕಿಂತ ಜೋರ ಅನಿಸಿದ್ದು ಅದ.

ತಲಿ ಹೊರಗ ಬರೂ ಮುಂದ ಉರೀತದ. ಬ್ಯಾಡಗಿ ಮೆಣಸಿನಕಾಯಿ ಅಲ್ಲ, ಗುಂಟೂರ ಖಾರ ಹಚ್ಚಿಧಂಗ, ಸುತ್ತ ಉಂಗರ ತಿರುಗಿಸಿಧಂಗ. ಆ ಗಳಿಗ್ಯಾಗ "ಮುಕ್ಕಬ್ಯಾಡ, ಉಫ್ ಉಫ್ ಅಂತ ಉಸರ ಬಿಡು" ಅಂತಾರ, ಹರೀಬಾರದು ಅಂತ. ತಲಿ ದಾಟಿತು, ಹೆಗಲ ಬಂತು ಅಂದ್ರ ಉಳದದ್ದೆಲ್ಲಾ ಒದ್ದಿ ಸಾಬಾಣ ಕೈಯಾಗಿಂದ ಜಾರಿಧಂಗ. ಬಿಸಿ ಬಿಸಿ ಏನೋ ಹೋತು. ಅಷ್ಟ. ಒಂಬತ್ತ ತಿಂಗಳ ಪಕ್ಕೆಲಬಿನ ಕೆಳಗ ಒತ್ತಿಕೊಂಡಿದ್ದ ಭಾರ ಒಮ್ಮೆಲೆ ಇಲ್ಲ. ಆ ಹಗರ ಆದದ್ದಕ್ಕ ನಂಗ ಇನ್ನೂ ಒಂದ ಶಬ್ದ ಸಿಕ್ಕಿಲ್ಲ.

ಮುಗೀತು ಅಂದಕೊಂಡ್ರ ಮಾಸ ಬೀಳಬೇಕು, ಹೊಟ್ಟಿ ಒತ್ತತಾರ, ಹೊಲಿಗಿ ಹಾಕ್ತಾರ. ಕೂಸು ಎದಿ ಮ್ಯಾಲೆ ಬಂದಾಗ ಅಮೃತ ಸುರದಂಗ ಪ್ರೀತಿ ಉಕ್ಕತದ ಅಂತ ನಾ ಕೇಳಿದ್ದೆ. ದೊಡ್ಡಾಕಿನ್ನ ಕೊಟ್ಟಾಗ ನಂಗ ಅನಿಸಿದ್ದು ಹಸಿವಿ. ಉಪ್ಪಿಟ್ಟ ಬೇಕು ಅನಿಸಿತ್ತು. ಪ್ರೀತಿ ನಾಕನೇ ದಿವಸ ನಸಿಕಿನ್ಯಾಗ ಹಾಲ ಕುಡಸೂ ಮುಂದ ಬಂತು, ಭಾಳ ಬಂತು. ಸಣ್ಣಾಂವನ್ನ ಹಡದಾಗ ನೋಡಿದ ಕೂಡಲೆನ ಬಂತು. ಎರಡೂ ಬರೋಬ್ಬರಿನ. ತಡಾ ಆದಾಕಿ ತಾನು ಎಂಥಾ ತಾಯಿ ಅಂತ ಅಳಬಾರದು.

ನಮ್ಮ ವೈನಿದು ಪೂರಾ ಬೆನ್ನಾಗಿನ ಬ್ಯಾನಿ, ಕೂಸಿನ ಮಾರಿ ಮುಂದಕ ಇತ್ತಂತ. ಬಾಜೂ ಮನಿಯಾಕಿಗೆ ಬ್ಯಾನಿ ಬರಲಿಕ್ಕೆ ಸಲಾಯಿನ್ ಹಚ್ಚಿದ್ರು, ಅಕಿಗೆ ಸಂದಿ ಕಡಿಮಿ ಸಿಕ್ತು. ಬೆಂಗಳೂರಾಗ ಇರೂ ನಮ್ಮ ತಮ್ಮನ ಹೆಣತಿ ಬೆನ್ನಿಗೆ ಸೂಜಿ ತಗೊಂಡ್ಲು, ಎಪಿಡ್ಯೂರಲ್ ಅಂತಾರ. "ಇಕಿ ಏನ ಹಡದ್ಲು, ಮಲಕೊಂಡ ಎದ್ಲು" ಅಂತ ನಮ್ಮ ಬಳಗದಾಗ ಆಡಿಕೊಂಡ್ರು. ಹಲ್ಲ ತಗಸೂ ಮುಂದ ಸೂಜಿ ಬ್ಯಾಡ ಅನ್ನಾವರು ಯಾರಿದ್ದೀರಿ? ಸಿಜೇರಿಯನ್ ಆದಾಕಿಗೆ "ಬ್ಯಾನಿ ತಿಂದಿಲ್ಲ" ಅಂತ ಕೊಂಕ ಅನ್ನೋರಿಗೂ ಇದ ಮಾತ. ಏಳ ಪದರ ಕೊಯ್ಸಿಕೊಂಡಾಕಿ ಅಕಿ.

ಇದೆಲ್ಲಾ ಹೇಳೂದು ಧೈರ್ಯಕ್ಕಷ್ಟ ಅಲ್ಲ. ಸರಿ ಹೆಂಗಿರ್ತದ ಅಂತ ಗೊತ್ತಿದ್ದಾಕಿಗೆ ಮಾತ್ರ ಸರಿ ಇಲ್ಲದ್ದು ಗೊತ್ತಾಗ್ತದ. ಬ್ಯಾನಿ ಬಿಡಲಾರದ ಒಂದ ಸಮನ ಹಿಡದು ಹೊಟ್ಟಿ ಕಲ್ಲಾಗೇ ಉಳೀತು, ಕೆಂಪು ಬರೇ ಕಾಣದ ಸುರೀಲಿಕತ್ತು, ಒಡದ ನೀರು ಹಸರ ಇತ್ತು, ಕೂಸು ಹೊಳ್ಳಾಡೂದು ಕಡಿಮಿ ಆತು, ತಲಿ ಸಿಡದು ಕಣ್ಣಿಗೆ ಮಂಜ ಬಂತು, ಇವು ಯಾವುದಕ್ಕೂ ಕಷಾಯ ಕಾಸಕೋತ ಕೂಡಬಾರದು, ಗಾಡಿ ತರಸಬೇಕು. ನಮ್ಮ ಬಳಗದಾಗ ಒಬ್ಬಾಕಿ ಹಡದ ಆರನೇ ದಿವಸ ತಾಸಿಗೊಂದ ಪ್ಯಾಡ ತೋಯಿಸಿಕೋತ ಮಲಗಿದ್ಲು. "ಬಾಣಂತಿಗೆ ಹೋಗೇ ಹೋಗ್ತದ" ಅಂತ ಮನ್ಯಾಗ ಸುಮ್ಮನಿದ್ರು. ದವಾಖಾನಿಗೆ ಒಯ್ದಾಗ ಮೂರ ಬಾಟ್ಲಿ ರಕ್ತ ಏರಿಸಿದ್ರು. ಉಳದ್ಲು. ಎಷ್ಟ ಹೋದ್ರ ಹೆಚ್ಚು ಅಂತ ಅಕಿಗೆ ಯಾರೂ ಹೇಳಿರಲಿಲ್ಲ, ಅಷ್ಟ.

ಇನ್ನೊಂದ. ನಾ ಮೊದಲನೇದ ಹಡದಲ್ಲೆ ಬಾಜೂ ಟೇಬಲ್ಲಿನ ಮ್ಯಾಲೆ ಒಂದ ಸಣ್ಣ ಹುಡುಗಿ ಇದ್ಲು. ಒದರಿದ್ಲು ಅಂತ ತೊಡಿಗೆ ಫಟ್ ಅಂತ ಹೊಡದ್ರು. "ಗಂಡನ ಜೋಡಿ ಮಲಗೂ ಮುಂದ ಹಿಂಗ ಒದರಿದ್ಯೇನ?" ಅಂದ್ರು. ಬರೀಲಿಕ್ಕೆ ನನಗ ನಾಚಿಕಿ ಆಗ್ತದ, ಅನ್ನಾಕಿಗೆ ಆಗಲಿಲ್ಲ. ಆ ಹುಡುಗಿ ಬಾಯಾಗ ಸೆರಗ ತುರಕೊಂಡ್ಲು. ಅಕಿ ಜೋಡಿ ಯಾರೂ ಇರಲಿಲ್ಲ, ಎಲ್ಲಾರೂ ಹೊರಗ ಬಾಕಿನ ಮ್ಯಾಲೆ. ಇದು ತಿಳಕೊಂಡಿರ್ರಿ: ಸರಕಾರಿ ದವಾಖಾನ್ಯಾಗ ಹಡಿಯೂ ಮುಂದ ಒಬ್ಬಾಕಿ ಹೆಣಮಗಳು ಜೋಡಿ ಇರಬಹುದು ಅಂತ ಕೇಂದ್ರ ಸರಕಾರ 2016 ರಾಗ ಒಪ್ಪೇದ. 2017 ರಾಗ ಬಂದ 'ಲಕ್ಷ್ಯ' ಯೋಜನಾದಾಗೂ ಹಡಿಯಾಕಿಗೆ ಮರ್ಯಾದಿ ಕೊಡಬೇಕು ಅನ್ನೋದ ಅದ. ಜೋಡಿ ಇರಾಕಿ ಸ್ವತಃ ಹೆರಿಗಿ ಕಂಡಾಕಿ ಇರಬೇಕು ಅಂತ 2016 ರ ನಿಯಮದಾಗನ ಅದ. ಅಂದ್ರ ನಾವ, ಮತ್ತ್ಯಾರು? ಬ್ಯಾಗ ತುಂಬೂ ಮುಂದನ ಯಾರ ಒಳಗ ಹೋಗೂದು ಅಂತ ಗೊತ್ತ ಮಾಡ್ರಿ, ದವಾಖಾನ್ಯಾಗ ಮೊದಲ ಕೇಳಿ ಇಡ್ರಿ. ಒಳಗ ಹೋದಾಕಿ ಸುಮ್ಮನ ನಿಂತು ಅಳಬಾರದು. ಟೊಂಕ ಒತ್ತಬೇಕು, ನೀರ ಕೊಡಬೇಕು, ಅಡ್ಡಾಡಿಸಬೇಕು, ಬಾಯಿ ಮಾಡಿದವರಿಗೆ ತಿರುಗಿ ಬಾಯಿ ಮಾಡಬೇಕು.

ಕಡೀಕ ಯಾರೂ ಹೇಳದ್ದು ಹೊಲಿಗಿ ಬಿದ್ದಮ್ಯಾಲೆ ಮೊದಲನೇ ಸಲ ಒಂದಕ್ಕ, ಎರಡಕ್ಕ ಹೋಗೂದು. ನಂಗ ಹಡಿಯೂದಕ್ಕಿಂತ ಅದರದ್ದ ಅಂಜಿಕಿ ಹತ್ತಿತ್ತು. ಒಂದಕ್ಕ ಕೂಡೂ ಮುಂದ ತಂಬಿಗಿಲೆ ಉಗರಬೆಚ್ಚಗಿನ ನೀರ ಹಾಕಿಕೋತ ಕೂತ್ರ ಉರಿಯಂಗಿಲ್ಲ. ಎರಡಕ್ಕ ಕೂಡೂ ಮುಂದ ಮೆತ್ತನ್ನ ಅರಬಿ ಮಡಚಿ ಹೊಲಿಗಿಗೆ ಆನಿಸಿ ಹಿಡಕೊಂಡ್ರ ಹರೀತದೇನೋ ಅನ್ನೂ ಅಂಜಿಕಿ ಹೋಗ್ತದ. ಎರಡನೇ ಬಾಣಂತನದಾಗ ಹಾಲ ಕುಡಿಸಿದಾಗೊಮ್ಮೆ ಹೊಟ್ಟಿ ಮತ್ತ ಹಿಂಡತದ, ಗರ್ಭಚೀಲ ಸಣ್ಣ ಆಗಲಿಕತ್ತದ ಅಂತ ತಿಳೀರಿ. ಮತ್ತ "ಬಾಣಂತಿ ನೀರ ಕುಡಿಬಾರದು, ಹೊಟ್ಟಿ ಬರ್ತದ" ಅನ್ನೂ ನಿಮ್ಮ ಶಾಸ್ತ್ರ ಒಂದೀಟ ಬದಿಗಿಡ್ರಿ. ಅಂಟಿನುಂಡಿ ತಿನಸ್ರಿ, ಅಳವಿ ಪಾಯಸ ಕುಡಸ್ರಿ, ಶೇಗಡಿ ಬೇಕಾದ್ರ ದೂರ ಇಡ್ರಿ, ಆದ್ರ ಹೊಲಿಗಿ ಇದ್ದಾಕಿಗೆ ಮಲ ಗಟ್ಟಿ ಆದ್ರ ಏನಾಗ್ತದ ಅಂತ ಹೊಲಿಗಿ ಇದ್ದಾಕಿನ್ನ ಕೇಳ್ರಿ. ನಮ್ಮಕ್ಕನ ಮಗಳ ಮಂಚದ ಬಾಜೂಕ ಇಡಲಿಕ್ಕೆ ಎರಡ ಲೀಟರಿನ ತಾಮ್ರದ ತಂಬಿಗಿ ನಾ ಈಗನ ತಿಕ್ಕಿ ಇಟ್ಟೇನಿ.