ಹಾರ ಬದಲಾಯಿಸಿದ ಮೇಲೆ ಏನು?

ಲೋಕ ಅದಾಲತ್ ನಡೆದ ಮರುದಿನ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬರುತ್ತದೆ. ನ್ಯಾಯಾಧೀಶರು, ವಕೀಲರು ಸಾಲಾಗಿ ನಿಂತಿರುತ್ತಾರೆ. ಮಧ್ಯದಲ್ಲಿ ಗಂಡ ಹೆಂಡತಿ ಹಾರ ಬದಲಾಯಿಸಿಕೊಳ್ಳುತ್ತಿರುತ್ತಾರೆ. ಕೆಳಗೆ 'ಮತ್ತೆ ಒಂದಾದ ಜೋಡಿ' ಎಂಬ ಸಾಲು. ಈ ಸುದ್ದಿಯನ್ನು ನಮ್ಮಲ್ಲೇ ಮೂವರು ಬರೆದಿದ್ದಾರೆ. ಆ ಜೋಡಿಗಳಲ್ಲಿ ಒಬ್ಬರಿಗಾದರೂ ಆರು ತಿಂಗಳ ನಂತರ ಫೋನ್ ಮಾಡಿ 'ಹೇಗಿದ್ದೀರಿ' ಎಂದು ಕೇಳಿದ್ದೇವಾ ಅಂದರೆ, ಇಲ್ಲ. ಹಾರ ಹಾಕಿದ್ದು ಸುದ್ದಿ, ಅದು ಬಾಡಿದ್ದು ಸುದ್ದಿಯಲ್ಲ ಎಂದುಕೊಂಡಿದ್ದೆವು.

ಇದೆಲ್ಲ ಈಗ ನೆನಪಾಗಲು ಒಂದು ಫೋನ್ ಕರೆ ಕಾರಣ. ಹೊಳಲ್ಕೆರೆ ತಾಲ್ಲೂಕಿನ ಪರಿಚಯದ ಅಡಿಕೆ ಬೆಳೆಗಾರರೊಬ್ಬರು ಒಂದು ಜಾಹೀರಾತನ್ನು ಕಳುಹಿಸಿ ಕೇಳಿದರು: 'ಬೆಂಗಳೂರಲ್ಲಿ ಮೂರು ದಿನ ಕೂರಿಸ್ಕೊಂಡು ಗಂಡ ಹೆಂಡ್ತಿ ಸಮಸ್ಯೆ ಬಗೆಹರಿಸ್ತಾರಂತೆ. ಹೋದ್ರೆ ಸರಿ ಹೋಗುತ್ತಾ?' ಮದುವೆಯಾಗಿ ಹನ್ನೊಂದು ವರ್ಷ, ಇಬ್ಬರು ಮಕ್ಕಳು. ಹೊಡೆತ ಬಡಿತ ಇಲ್ಲ, ಕುಡಿತ ಇಲ್ಲ. ಎರಡು ವರ್ಷದಿಂದ ಮಾತೂ ಇಲ್ಲ. ಊಟಕ್ಕೆ ಕರೆಯುವುದೂ ಮಗಳ ಮೂಲಕ.

ಸರಿ ಹೋಗುತ್ತಾ ಎಂಬ ಪ್ರಶ್ನೆಗೆ ನಮ್ಮ ಬಳಿ ಉತ್ತರ ಇರಲಿಲ್ಲ. ಓದಿದೆವು, ಗೊತ್ತಿರುವವರನ್ನು ವಿಚಾರಿಸಿದೆವು. ಕೊನೆಗೆ ನಮಗನಿಸಿದ್ದು, ನಮ್ಮ ಕಡೆಯ ಜನ ಇಂಥ ಚಿಕಿತ್ಸೆಗೆ ಹೋಗುವಾಗ ತಪ್ಪಾದ ನಿರೀಕ್ಷೆ ಇಟ್ಟುಕೊಂಡು ಹೋಗುತ್ತಾರೆ, ಆ ನಿರೀಕ್ಷೆಯನ್ನು ಕಲಿಸಿದ್ದು ನಮ್ಮ ಪಂಚಾಯಿತಿ ಕಟ್ಟೆ.

ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ದಾಂಪತ್ಯದ ಜಗಳ ಮನೆಯಿಂದ ಹೊರಗೆ ಬರುವ ದಾರಿ ಗೊತ್ತಿದ್ದದ್ದೇ. ಮೊದಲು ಸೋದರಮಾವ, ಆಮೇಲೆ ಎರಡೂ ಕಡೆಯ ಹಿರಿಯರು, ಆಮೇಲೆ ಪೊಲೀಸ್ ಠಾಣೆ ಅಥವಾ ಮಠ. ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸೋಮವಾರಗಳಂದು ನಡೆಯುವ ಸದ್ಧರ್ಮ ನ್ಯಾಯಪೀಠದ ಮುಂದೆ ಜಮೀನಿನ ವ್ಯಾಜ್ಯದ ಜೊತೆಗೆ ಸಂಸಾರದ ವ್ಯಾಜ್ಯಗಳೂ ಬರುತ್ತವೆ. ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುವುದು ಅಲ್ಲಿ ಬೇಗ ಮುಗಿಯುತ್ತದೆ ಎಂಬ ನಂಬಿಕೆಯಿಂದ ಜನ ಬಸ್ ಹತ್ತುತ್ತಾರೆ. ಅದನ್ನು ಹಗುರವಾಗಿ ಮಾತಾಡುವ ಉದ್ದೇಶ ನಮಗಿಲ್ಲ. ಆದರೆ ನ್ಯಾಯಪೀಠ ಅಂದರೆ ನ್ಯಾಯಪೀಠವೇ. ಅಲ್ಲಿ ಇಬ್ಬರು ಹೇಳುತ್ತಾರೆ, ಮೂರನೆಯವರು ಕೇಳಿ ತೀರ್ಮಾನ ಕೊಡುತ್ತಾರೆ. ನ್ಯಾಯ ಹೇಳುವ ಜಾಗದಲ್ಲಿ ಹಾಗೆಯೇ ಇರಬೇಕು.

ದಂಪತಿ ಚಿಕಿತ್ಸೆಯಲ್ಲಿ ತೀರ್ಮಾನವೇ ಇಲ್ಲ. ನಮ್ಮವರಿಗೆ ಮೊದಲ ನಿರಾಸೆ ಆಗುವುದು ಇಲ್ಲೇ. 'ನೀವೇ ಹೇಳಿ ಮೇಡಂ, ತಪ್ಪು ಯಾರ್ದು?' ಎಂದರೆ ಮೇಡಂ ಹೇಳುವುದಿಲ್ಲ. ಐದಾರು ಸಾವಿರ ಖರ್ಚು ಮಾಡಿಕೊಂಡು ಹೋದವನಿಗೆ ಸಿಟ್ಟು ಬರದೆ ಇರುತ್ತದೆಯೇ? ನಮ್ಮೂರಲ್ಲಿ ಎಲೆ ಅಡಿಕೆ ಕೊಟ್ಟರೆ ತಪ್ಪು ಯಾರದು ಎಂದು ಹತ್ತು ಜನ ಹೇಳುತ್ತಾರೆ!

ಹಾಗಾದರೆ ಆ ಮೂರು ದಿನದಲ್ಲಿ ನಡೆಯುವುದೇನು? ವಾರಕ್ಕೊಂದು ಗಂಟೆಯಂತೆ ತಿಂಗಳುಗಟ್ಟಲೆ ನಡೆಯುವ ಮಾತುಕತೆಯನ್ನು ಎರಡು ಮೂರು ದಿನಕ್ಕೆ ಒತ್ತಿ, ದಿನಕ್ಕೆ ಐದಾರು ಗಂಟೆ ಕೂರಿಸುತ್ತಾರೆ. ತೀವ್ರ ಚಿಕಿತ್ಸೆ ಅಂದರೆ ಇಷ್ಟೇ, ಔಷಧಿ ಜೋರಾಗಿರುತ್ತದೆ ಎಂದಲ್ಲ. ಸಾಮಾನ್ಯವಾಗಿ ಮೊದಲು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಸಂಬಂಧದ ಕಥೆ ಕೇಳುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಾರೆ. ಒಬ್ಬರೇ ಇದ್ದಾಗ ಹೇಳಿದ್ದನ್ನು ಇನ್ನೊಬ್ಬರಿಗೆ ತಿಳಿಸುತ್ತಾರೋ ಇಲ್ಲವೋ ಎಂಬುದನ್ನು ಬಾಯಿ ತೆರೆಯುವ ಮುಂಚೆಯೇ ಕೇಳಿಕೊಳ್ಳಬೇಕು. ಈ ವಿಷಯದಲ್ಲಿ ಎಲ್ಲ ಚಿಕಿತ್ಸಕರ ನಿಯಮ ಒಂದೇ ಇರುವುದಿಲ್ಲ.

ಆಮೇಲಿನದೇ ಕಷ್ಟದ ಭಾಗ. ಚಿಕಿತ್ಸಕರು ಜಗಳದ ವಿಷಯ ಬಿಟ್ಟು ಜಗಳದ ರೀತಿಯನ್ನು ಹಿಡಿಯುತ್ತಾರೆ. ಅತ್ತೆಯ ಮಾತು, ತವರಿಗೆ ಕೊಟ್ಟ ದುಡ್ಡು, ವಿಫಲವಾದ ಬೋರ್‌ವೆಲ್, ಯಾವುದೇ ಇರಲಿ. ಒಬ್ಬರು ಕೇಳಿದ್ದನ್ನೇ ಕೇಳುತ್ತ ಬೆನ್ನು ಹತ್ತುತ್ತಾರೆ, ಇನ್ನೊಬ್ಬರು ಎದ್ದು ತೋಟಕ್ಕೆ ಹೋಗುತ್ತಾರೆ. ಅವರು ಹೋದಷ್ಟೂ ಇವರ ದನಿ ಏರುತ್ತದೆ, ಇವರ ದನಿ ಏರಿದಷ್ಟೂ ಅವರು ಇನ್ನೂ ದೂರ ಹೋಗುತ್ತಾರೆ. ಈ ಸುತ್ತನ್ನು ಆ ಕೋಣೆಯಲ್ಲೇ ನಡೆಯುವಾಗ ನಿಲ್ಲಿಸಿ, 'ಈಗ ಎದ್ದು ಹೋಗಬೇಕು ಅನ್ನಿಸಿತಲ್ಲ, ಆಗ ಒಳಗೆ ಏನಾಯಿತು?' ಎಂದು ಕೇಳುತ್ತಾರೆ. ಹೊಸದುರ್ಗದ ನಮ್ಮ ಗೆಳೆಯನೊಬ್ಬ ಇಂಥ ಸಮಾಲೋಚನೆಗೆ ಹೋಗಿ ಬಂದವನು. ಆ ಪ್ರಶ್ನೆಗೆ ಉತ್ತರ ಹುಡುಕಲು ತನಗೆ ಅರ್ಧ ದಿನ ಬೇಕಾಯಿತು ಎಂದ. 'ಸಿಟ್ಟು' ಎಂಬ ಒಂದು ಪದ ಬಿಟ್ಟರೆ ಗಂಡಸಿನ ಬಾಯಲ್ಲಿ ಬೇರೆ ಪದವೇ ಇಲ್ಲ ಕಣ್ರೋ ಎಂದು ನಕ್ಕ. ಅವನಿಗೆ ಕೊನೆಗೆ ಸಿಕ್ಕ ಪದ 'ಹೆದರಿಕೆ'. ಕೊಳವೆಬಾವಿಗೆ ಮಾಡಿದ ಸಾಲವನ್ನು ಹೆಂಡತಿಗೆ ಹೇಳಿರಲಿಲ್ಲ. ಅವಳು ದುಡ್ಡಿನ ಮಾತೆತ್ತಿದಾಗಲೆಲ್ಲ ಎದ್ದು ಹೋಗುತ್ತಿದ್ದ. ಅವಳು ಅದನ್ನು ತನ್ನ ಮೇಲಿನ ಅಸಡ್ಡೆ ಎಂದುಕೊಂಡಿದ್ದಳು.

ಸಾಲ ಅದರಿಂದ ತೀರಲಿಲ್ಲ, ಈಗಲೂ ಇದೆ. ಈ ಚಿಕಿತ್ಸೆ ಏನು ಕೊಡುವುದಿಲ್ಲ ಎಂಬುದೂ ಇದರಲ್ಲೇ ಇದೆ. ಅಮೆರಿಕದ ಸಿಯಾಟಲ್‌ನಲ್ಲಿ ದಂಪತಿಗಳ ಜಗಳವನ್ನು ದಶಕಗಟ್ಟಲೆ ದಾಖಲಿಸಿ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್, ದಂಪತಿಗಳ ಭಿನ್ನಾಭಿಪ್ರಾಯಗಳಲ್ಲಿ ಸುಮಾರು 69 ಶೇಕಡಾ ಎಂದೂ ಪೂರ್ತಿ ಬಗೆಹರಿಯದಂಥವು ಎನ್ನುತ್ತಾರೆ. ಚೆನ್ನಾಗಿರುವ ಜೋಡಿಗಳಲ್ಲೂ ಅವು ಹಾಗೇ ಇರುತ್ತವಂತೆ, ಅವರು ಅವನ್ನು ಇಟ್ಟುಕೊಂಡೇ ಮಾತಾಡುವುದನ್ನು ಕಲಿತಿರುತ್ತಾರೆ. ಗಾಟ್‌ಮನ್ ಹೇಳುವ ಇನ್ನೊಂದು ಮಾತು ನಮಗೆ ಬಹಳ ಹಿಡಿಸಿತು. ಜಗಳದಲ್ಲಿ ನಾಡಿ ಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ತಲೆಗೆ ಇಳಿಯುವುದಿಲ್ಲ, ಕನಿಷ್ಠ 20 ನಿಮಿಷ ಬಿಟ್ಟು ಮತ್ತೆ ಕೂರಬೇಕು. ನಮ್ಮ ಪಂಚಾಯಿತಿಯಲ್ಲಿ 20 ನಿಮಿಷ ಎದ್ದು ಹೋದವನ ಗತಿ ಏನಾಗುತ್ತದೆ ಎಂದು ಯೋಚಿಸಿ ನೋಡಿ. 'ಹಿರೀಕರಿಗೆ ಮರ್ಯಾದೆ ಕೊಡದೋನು' ಎಂದು ಅಲ್ಲೇ ದಂಡ ಹಾಕುತ್ತಾರೆ.

ಎರಡನೇ ದಿನ ಬಹಳ ಜನರಿಗೆ ಸುಸ್ತಾಗುತ್ತದೆ, ಬಂದದ್ದೇ ತಪ್ಪಾಯಿತು ಅನಿಸುತ್ತದೆ. ಹಳೆಯ ಗಾಯ ಕೆದಕಿದಂತಾಗಿ ಆ ರಾತ್ರಿ ಮೊದಲಿಗಿಂತ ಜೋರು ಜಗಳವೂ ಆಗಬಹುದು. ಮೂರನೇ ದಿನ ಮನೆಗೆ ಹೋದ ಮೇಲೆ ಏನು ಮಾಡಬೇಕು ಎಂಬ ಅಭ್ಯಾಸ. ದಿನಕ್ಕೆ ಹದಿನೈದು ನಿಮಿಷ ಫೋನ್ ಇಲ್ಲದೆ ಕೂತು ಮಾತಾಡುವುದು, ಹಿಂದಿನ ತಪ್ಪಿನ ಪಟ್ಟಿ ತೆಗೆಯದೆ ಒಂದೇ ವಿಷಯ ಹೇಳುವುದು, ಇಂಥವು. ಹದಿನೈದು ದಿನ ಬಿಟ್ಟು, ತಿಂಗಳು ಬಿಟ್ಟು ಮತ್ತೆ ಕರೆಯದ, ಫೋನಿನಲ್ಲಾದರೂ ವಿಚಾರಿಸದ ಕೇಂದ್ರಕ್ಕೆ ಮೂರು ದಿನದ ದುಡ್ಡು ಕೊಡಬೇಡಿ. ಹಾರದ ಫೋಟೊಗೂ ಅದಕ್ಕೂ ವ್ಯತ್ಯಾಸವಿಲ್ಲ.

ಇದು ಪೂರ್ತಿ ಪರದೇಶದ ಸರಕು ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕೀಯ ಕೇಂದ್ರ ದಶಕಗಳಿಂದ ಇದೆ. ದಂಪತಿಯನ್ನು, ಬೇಕಾದರೆ ಇಡೀ ಕುಟುಂಬವನ್ನೇ ದಾಖಲು ಮಾಡಿಕೊಂಡು, ಅಲ್ಲೇ ಇರಿಸಿಕೊಂಡು ಚಿಕಿತ್ಸೆ ಕೊಡುವ ಪದ್ಧತಿ ಅಲ್ಲಿಯದು. ಅದಕ್ಕೂ ಮೊದಲು, 1950ರ ದಶಕದಲ್ಲಿ, ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಟೆಂಟ್ ಹಾಕಿಸಿ ರೋಗಿಯ ಮನೆಯವರನ್ನೂ ಉಳಿಸಿಕೊಂಡಿದ್ದರು. ಮನೆಯವರನ್ನು ಬಿಟ್ಟು ಚಿಕಿತ್ಸೆ ಇಲ್ಲ ಎಂಬ ತಿಳಿವಳಿಕೆ ಈ ನೆಲದಲ್ಲೇ ಇದೆ. ರೆಸಾರ್ಟ್ ಸೇರಿ ಬೆಲೆ ಏರಿದ್ದು ಈಚೆಗೆ.

ಇನ್ನು ಇದು ಯಾರಿಗೆ ಅಲ್ಲ ಎಂಬುದನ್ನು ಸ್ಪಷ್ಟವಾಗಿ ಬರೆಯಲೇಬೇಕು. ಮನೆಯಲ್ಲಿ ಹೊಡೆತ ಇದ್ದರೆ, ಹೆದರಿಸುವುದು ಇದ್ದರೆ, ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ 'ಮನಸ್ಸು ಬಿಚ್ಚಿ ಹೇಳಿ' ಎನ್ನುವುದು ಅಪಾಯ. ಅಲ್ಲಿ ಬಿಚ್ಚಿ ಹೇಳಿದ್ದಕ್ಕೆ ರಾತ್ರಿ ಲೆಕ್ಕ ಕೊಡಬೇಕಾಗುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಅಡಿ ಮ್ಯಾಜಿಸ್ಟ್ರೇಟರು ಸಮಾಲೋಚನೆಗೆ ಕಳುಹಿಸಬಹುದು. ಆದರೆ 2006ರ ನಿಯಮಗಳಲ್ಲಿ ಒಂದು ಷರತ್ತಿದೆ, ಹಿಂಸೆಯ ಆರೋಪ ಹೊತ್ತವರು ಆ ಸಮಾಲೋಚನೆಯಲ್ಲಿ ತಮ್ಮ ಕೃತ್ಯಕ್ಕೆ ಸಮರ್ಥನೆ ಕೊಡುವಂತಿಲ್ಲ, ಹಾಗೆಂದು ಶುರುವಿನಲ್ಲೇ ಅವರಿಗೆ ತಿಳಿಸಬೇಕು. ನಮ್ಮ ಕಟ್ಟೆಗಳಲ್ಲಿ ಮೊದಲು ಕೇಳುವ ಪ್ರಶ್ನೆಯೇ 'ಯಾಕೆ ಹೊಡೆದೆಯಪ್ಪ?' ಅವನು ಕಾರಣ ಹೇಳುತ್ತಾನೆ, ಅದಕ್ಕೆ ನಾಲ್ಕು ಜನ ತಲೆಯಾಡಿಸುತ್ತಾರೆ, ಆಮೇಲೆ ಅವಳಿಗೆ 'ಸ್ವಲ್ಪ ಅನುಸರಿಸ್ಕೊಂಡು ಹೋಗವ್ವ' ಎಂಬ ಬುದ್ಧಿಮಾತು. ಇಂಥ ಸ್ಥಿತಿಯಲ್ಲಿರುವವರು ದಂಪತಿ ಶಿಬಿರ ಹುಡುಕುವುದು ಬೇಡ, 181ಕ್ಕೆ ಕರೆ ಮಾಡಲಿ, ಜಿಲ್ಲೆಯ ಸಖಿ ಕೇಂದ್ರಕ್ಕೆ ಹೋಗಲಿ. ಕುಡಿತ ಬಿಗಿಯಾಗಿ ಹಿಡಿದಿದ್ದರೆ ಅದರ ಚಿಕಿತ್ಸೆ ಮೊದಲು. ಒಬ್ಬರು ಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿ ಇನ್ನೊಬ್ಬರ ಸಮಾಧಾನಕ್ಕೆ ಬಂದಿದ್ದರೂ ಮೂರು ದಿನ ವ್ಯರ್ಥ.

ಚೆನ್ನಾಗಿ ನಡೆದ ಚಿಕಿತ್ಸೆಯ ಕೊನೆಗೆ ಬೇರೆಯಾಗುವ ನಿರ್ಧಾರವೂ ಬರಬಹುದು. ನಮ್ಮ ತಂಡದಲ್ಲೇ ಈ ಬಗ್ಗೆ ಒಮ್ಮತ ಇರಲಿಲ್ಲ. ಹಾಗಾದರೆ ಅದು ಸೋತಂತಲ್ಲವೇ ಎಂದು ಇಬ್ಬರು ಪಟ್ಟು ಹಿಡಿದರು. ಮಕ್ಕಳ ಮುಂದೆ ಬೈದಾಡದೆ, ಯಾವ ವಾರ ಯಾರ ಮನೆಯಲ್ಲಿ ಎಂದು ಕೂತು ಮಾತಾಡಿ ಬೇರೆಯಾಗುವುದನ್ನು ಸೋಲು ಎನ್ನಲು ಉಳಿದವರಿಗೆ ಮನಸ್ಸು ಬರಲಿಲ್ಲ.

ನಮ್ಮ ತಕರಾರು ಇರುವುದು ಬೇರೆ ಕಡೆ. ಇದೆಲ್ಲ ಓದಿ 'ಸರಿ, ಎಲ್ಲಿಗೆ ಹೋಗಲಿ' ಎಂದು ಹೊಸದುರ್ಗದವರೋ ಹಿರಿಯೂರಿನವರೋ ಕೇಳಿದರೆ, ಬೆಂಗಳೂರಿನ ಬಸ್ ತೋರಿಸುವುದನ್ನು ಬಿಟ್ಟು ಬೇರೆ ದಾರಿ ನಮಗೆ ಸುಲಭವಾಗಿ ಕಾಣುವುದಿಲ್ಲ. ಸಾಂತ್ವನ ಯೋಜನೆ 2000-01ರಿಂದ ಇದೆ, ಆದರೆ ಅದು ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗಾಗಿ ಇರುವಂಥದ್ದು, ಹಾಗೆಯೇ ಇರಬೇಕು. ಅಲ್ಲಿಗೆ ಗಂಡಸನ್ನು ಕರೆದರೆ ಅವನು ಆರೋಪಿಯಾಗಿ ಬರುತ್ತಾನೆ, ತನಗೂ ಏನೋ ಬೇಕಾಗಿದೆ ಎಂದು ಬರುವುದಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಒಂದು ಬೆಳಗ್ಗೆಯಲ್ಲಿ ಸಾಲುಗಟ್ಟಿದ ರೋಗಿಗಳನ್ನು ನೋಡಬೇಕಾದವರು ಒಂದು ಜೋಡಿಗೆ ಎರಡು ಗಂಟೆ ಎಲ್ಲಿಂದ ತರಬೇಕು? ಆ ದಿನವೇ, ಅದೇ ಆಸ್ಪತ್ರೆಯಲ್ಲಿ, ತರಬೇತಾದ ಒಬ್ಬ ಸಮಾಲೋಚಕರು ಮತ್ತು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಸಿಕ್ಕರೆ ಸಾಕು, ಅಲ್ಲಿಂದ ಶುರು ಮಾಡಬಹುದು. ಬಾಗಿಲು ಹಾಕಿಕೊಳ್ಳಬಹುದಾದ ಎಂದು ಬೇಕೆಂದೇ ಬರೆದಿದ್ದೇವೆ. ಪರದೆ ಕಟ್ಟಿದ ಮೂಲೆಯಲ್ಲಿ, ಆಚೆ ಬೆಂಚಿನ ಮೇಲೆ ಪಕ್ಕದೂರಿನವರು ಕೂತಿರುವಾಗ, ಯಾರು ತಾನೇ ತಮ್ಮ ಮಲಗುವ ಕೋಣೆಯ ಮಾತು ಆಡುತ್ತಾರೆ?

ಅಲ್ಲಿಯವರೆಗೆ ಖಾಸಗಿಯಾಗಿ ಹೋಗುವವರು ಎದುರಿಗೆ ಕೂತವರ ಓದು ಏನು ಎಂದು ಕೇಳಲು ನಾಚಿಕೆಪಡಬೇಡಿ. 'ಕೌನ್ಸೆಲರ್' ಎಂದು ಬೋರ್ಡ್ ಹಾಕಲು ನಮ್ಮಲ್ಲಿ ಯಾರೂ ತಡೆಯುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನುವವರಿಗೆ ಮಾತ್ರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ನೋಂದಣಿ ಸಂಖ್ಯೆ ಕೇಳಿದರೆ ಕೊಡುತ್ತಾರೆ. ದಂಪತಿಗಳ ಜೊತೆ ಕೆಲಸ ಮಾಡಿದ ಅನುಭವ ಎಷ್ಟು, ಕನ್ನಡದಲ್ಲಿ ಪೂರ್ತಿ ಮಾತಾಡಬಹುದೇ ಎಂಬುದನ್ನೂ ಕೇಳಿ. ಅರ್ಧ ಇಂಗ್ಲಿಷಿನಲ್ಲಿ ಯಾರಿಗೂ ಅಳು ಬರುವುದಿಲ್ಲ.

ಹೊಳಲ್ಕೆರೆಯವರಿಗೆ ಇಷ್ಟನ್ನೂ ಹೇಳಿ, ಮೂರು ದಿನದ ಶಿಬಿರಕ್ಕೆ ಮೊದಲು 14416ಕ್ಕೆ ಒಂದು ಕರೆ ಮಾಡಿ ಎಂದೆವು. ಅದು ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ವಾರದ ನಂತರ ನಾವೇ ಫೋನ್ ಮಾಡಿ ವಿಚಾರಿಸಿದೆವು. ಮಾಡಿದ್ದರಂತೆ, ತೋಟದ ಮೋಟಾರು ಮನೆಯಲ್ಲಿ ಕೂತು. ಮನೆಯಲ್ಲಿ ಸಿಗ್ನಲ್ ಇದೆ, ಮಾತಾಡಲು ಜಾಗ ಇಲ್ಲ. ಹೆಂಡತಿಗೆ ಇನ್ನೂ ಹೇಳಿಲ್ಲ, ಹೇಗೆ ಹೇಳುವುದು ಎಂದು ಕೇಳಿದರು. ಮಗಳ ಮೂಲಕ ಮಾತ್ರ ಹೇಳಬೇಡಿ ಎಂದೆವು.